ಸೋಯಾ ಅವರೆಯಲ್ಲಿ ಖರ್ಚು ತಗ್ಗಿಸಿ ಇಳುವರಿ ಹೆಚ್ಚಿಸುವುದು ಹೇಗೆ?

ಬೀದರ್, ಬೆಳಗಾವಿ, ಧಾರವಾಡದ ಮಳೆಯಾಶ್ರಿತ ಕಪ್ಪು ಭೂಮಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಉತ್ತರಿಸುತ್ತಿದ್ದೇನೆ.

ಮೊದಲು ಬೀಜ. ಸೋಯಾ ಬೀಜದ ಸಿಪ್ಪೆ ಬಹಳ ತೆಳು. ರಾಶಿ ಯಂತ್ರ ವೇಗವಾಗಿ ತಿರುಗಿದರೂ, ಚೀಲವನ್ನು ಎತ್ತಿ ಒಗೆದರೂ ಮೊಳಕೆ ಸಾಯುತ್ತದೆ. ಆದ್ದರಿಂದ ಬಿತ್ತನೆಗೆ ವಾರ ಮುಂಚೆ 100 ಕಾಳುಗಳನ್ನು ಒದ್ದೆ ಗೋಣಿಚೀಲದಲ್ಲಿ ಸುತ್ತಿಡಿ. 70ಕ್ಕಿಂತ ಹೆಚ್ಚು ಮೊಳೆತರೆ ಎಕರೆಗೆ 25ರಿಂದ 30 ಕಿಲೊ ಸಾಕು. ಇದು ಸ್ವಕೀಯ ಪರಾಗಸ್ಪರ್ಶದ ಬೆಳೆ, ಅಂದರೆ ಹೂವು ತನ್ನದೇ ಪರಾಗದಿಂದ ಕಾಯಿ ಕಟ್ಟುತ್ತದೆ; ಮನೆಯ ಬೀಜದಲ್ಲೂ ತಳಿಯ ಗುಣ ಉಳಿಯುವುದರಿಂದ ಪ್ರತಿವರ್ಷ ಹೊಸ ಬೀಜ ಕೊಳ್ಳಬೇಕಾಗಿಲ್ಲ. ಈ ಒಂದು ಮೊಳಕೆ ಪರೀಕ್ಷೆ ಮಾಡದೆ ಎರಡೆರಡು ಬಾರಿ ಬಿತ್ತುವವರನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಬೀಜಕ್ಕೆ ರೈಜೋಬಿಯಂ ಎಂಬ ಜೀವಾಣು ಗೊಬ್ಬರ ಲೇಪಿಸಿ ನೆರಳಿನಲ್ಲಿ ಆರಿಸಿ. ಈ ಜೀವಾಣುಗಳಿಂದಾಗುವ ಬೇರಿನ ಗಂಟುಗಳು ಗಾಳಿಯ ಸಾರಜನಕವನ್ನು ಹಿಡಿದು ಕೊಡುವುದರಿಂದ ಮೇಲುಗೊಬ್ಬರವಾಗಿ ಯೂರಿಯಾ ಸುರಿಯುವುದು ವ್ಯರ್ಥ. ಭೂಮಿ ಚೆನ್ನಾಗಿ ನೆನೆದ ಮೇಲೆ ಸಾಲಿನ ನಡುವೆ 30 ಸೆಂ.ಮೀ. ಅಂತರವಿಟ್ಟು, 3–4 ಸೆಂ.ಮೀ. ಆಳಕ್ಕೆ ಬಿತ್ತಿ. ನೀರು ನಿಲ್ಲುವ ಹೊಲವಾದರೆ ಏರುಮಡಿ ಮಾಡಿ.

ಮೊದಲ 40 ದಿನ ಕಳೆ ಬೇಡ. ತುಕ್ಕು ರೋಗ ಕಾಡುವ ಕಡೆ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಡಿಎಸ್‌ಬಿ-21 ತಳಿ ಒಳ್ಳೆಯದು. ತೊಗರಿಯನ್ನು ಅಂತರ ಬೆಳೆಯಾಗಿ ಹಾಕಿದರೆ ಒಂದು ಕೈಕೊಟ್ಟರೂ ಇನ್ನೊಂದು ಉಳಿಯುತ್ತದೆ.

ಮಾರುವಾಗ ತೇವಾಂಶ ಶೇ 12 ಮೀರದಂತೆ ಒಣಗಿಸಿ. 2025–26ರ ಬೆಂಬಲ ಬೆಲೆ ಕ್ವಿಂಟಲ್‌ಗೆ 5,328 ರೂಪಾಯಿ. ಹಸಿ ಕಾಳಿಗೆ ಆ ಬೆಲೆ ಸಿಗುವುದಿಲ್ಲ.