ಓದುಗರ ಪ್ರಶ್ನೆ, ನಮ್ಮ ಉತ್ತರ: ಯಹೂದಿಗಳ ನೆನಪಿನ ಕೆಲಸ

ಪ್ರಶ್ನೆ: ಯಹೂದಿಗಳು ದೇಶ ದೇಶಕ್ಕೆ ಚದುರಿ ಹೋದರೂ ಅವರ ಸಂಸ್ಕೃತಿ ಉಳಿಯಿತು. ಧರ್ಮ ಗಟ್ಟಿಯಾಗಿತ್ತು, ಅದಕ್ಕೇ ಉಳಿಯಿತು ಅಂತಾರೆ ಗೆಳೆಯರು. ಇದರಲ್ಲಿ ಸಂಶೋಧನೆಗೆ ಏನು ಕೆಲಸ?
– ಓದುಗರು, ವಿದ್ಯಾನಗರ, ದಾವಣಗೆರೆ

ಉತ್ತರ: ಧರ್ಮದ ಪಾಲು ದೊಡ್ಡದೇ. ಆದರೆ ನೂರು ವರ್ಷದ ಹಿಂದೆ ಪೂರ್ವ ಯುರೋಪಿನ ಯಹೂದಿ ಹುಡುಗರು ಊರು ಬಿಟ್ಟು ಪಟ್ಟಣ ಸೇರುತ್ತಿದ್ದರು, ಹಳೇ ಹಾಡು ಬಲ್ಲ ಹಿರಿಯರು ಒಬ್ಬೊಬ್ಬರಾಗಿ ಹೋಗುತ್ತಿದ್ದರು. ಆಗ ಆನ್‌ಸ್ಕಿ ಅನ್ನೋ ಲೇಖಕರು 1912ರಿಂದ 1914ರವರೆಗೆ ತಂಡ ಕಟ್ಟಿಕೊಂಡು ಈಗಿನ ಉಕ್ರೇನ್‌ನ ಸಣ್ಣ ಊರುಗಳನ್ನು ಸುತ್ತಿದರು. ಆಗಿನ ಧ್ವನಿಮುದ್ರಣ ಯಂತ್ರದ ಮೇಣದ ಸಿಲಿಂಡರ್ ಮೇಲೆ ಹಾಡು ಹಿಡಿದಿಟ್ಟರು. ಹುಟ್ಟಿನಿಂದ ಸಾವಿನವರೆಗೆ ಕೇಳಬೇಕಾದ 2,087 ಪ್ರಶ್ನೆಗಳ ಪಟ್ಟಿ ಮಾಡಿದರು! 1925ರಲ್ಲಿ ವಿಲ್ನಾದಲ್ಲಿ (ಈಗಿನ ಲಿಥುವೇನಿಯಾದ ವಿಲ್ನಿಯಸ್) ಯಹೂದಿಗಳ ಭಾಷೆ, ಬದುಕಿನ ಬಗ್ಗೆ ಸಂಶೋಧನೆ ಮಾಡುವ ಯೀವೊ ಸಂಸ್ಥೆ ಶುರುವಾಯಿತು. ಅದಕ್ಕೆ ಗಾದೆ, ಹಾಡು, ಕತೆ ಸಂಗ್ರಹಿಸಿ ಕಳಿಸುತ್ತಿದ್ದವರಲ್ಲಿ ಪಂಡಿತರಿಗಿಂತ ಸಾಮಾನ್ಯ ಜನರೇ ಜಾಸ್ತಿ.

ಯೀವೊ ಜೊತೆ ಕೆಲಸ ಮಾಡಿದ್ದ ಇತಿಹಾಸಕಾರ ಎಮಾನುಯೆಲ್ ರಿಂಗೆಲ್‌ಬ್ಲುಮ್ ಕತೆಯನ್ನಂತೂ ಹೇಳಲೇಬೇಕು. ನಾಜಿಗಳು ಪೋಲೆಂಡ್‌ನ ವಾರ್ಸಾದಲ್ಲಿ ಯಹೂದಿಗಳನ್ನು ಗೋಡೆಯೊಳಗೆ ಕೂಡಿಹಾಕಿದಾಗ, ಹಸಿವಿನಿಂದ ಜನ ಬೀದಿಯಲ್ಲೇ ಸಾಯುತ್ತಿದ್ದಾಗ, ಇವರು ಗುಟ್ಟಾಗಿ ದಾಖಲೆ ಕೂಡಿಸುತ್ತಿದ್ದರು. ರೇಷನ್ ಚೀಟಿ, ಟ್ರಾಮ್ ಟಿಕೆಟ್, ಮಿಠಾಯಿ ಸುತ್ತಿದ ಕಾಗದ, ಶಾಲಾ ಮಕ್ಕಳ ಪ್ರಬಂಧ, ದಿನಚರಿ, ಯಾವುದನ್ನೂ ಬಿಡಲಿಲ್ಲ. ಎಲ್ಲವನ್ನೂ ತಗಡಿನ ಪೆಟ್ಟಿಗೆ, ಹಾಲಿನ ಕ್ಯಾನುಗಳಲ್ಲಿ ತುಂಬಿ ನೆಲದಲ್ಲಿ ಹೂತರು. ರಿಂಗೆಲ್‌ಬ್ಲುಮ್ ಅವರನ್ನು 1944ರಲ್ಲಿ ಕೊಂದರು. ಅವರ ಜೊತೆಗಿದ್ದವರಲ್ಲಿ ಉಳಿದವರು ಬರೀ ಮೂವರು. ಪೆಟ್ಟಿಗೆಗಳು 1946ರಲ್ಲಿ ಸಿಕ್ಕವು, ಕ್ಯಾನುಗಳು 1950ರಲ್ಲಿ. ನಮ್ಮ ಕತೆಯನ್ನು ನಮ್ಮನ್ನು ಕೊಂದವರು ಬರೆಯಬಾರದು ಅನ್ನೋ ಹಟ ಅದು. ಸಂಶೋಧನೆ ಅಂದರೆ ನನಗೆ ಮೊದಲು ನೆನಪಾಗೋದು ಆ ಹಾಲಿನ ಕ್ಯಾನುಗಳೇ.

ಪ್ರಶ್ನೆ: ನಮ್ಮ ಕರ್ನಾಟಕಕ್ಕೂ ಯಹೂದಿಗಳಿಗೂ ನಂಟಿದೆಯಾ?
– ಓದುಗರು, ಹೊಳಲ್ಕೆರೆ

ಉತ್ತರ: ಇದೆ. 12ನೇ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಅನ್ನೋ ಯಹೂದಿ ವ್ಯಾಪಾರಿ ವರ್ಷಗಟ್ಟಲೆ ಮಂಗಳೂರಲ್ಲಿದ್ದರು. ಹಿತ್ತಾಳೆ ಕೆಲಸದ ಕಾರ್ಖಾನೆ ಇಟ್ಟಿದ್ದರು. ಅವರ ಕಾಗದಪತ್ರ ಉಳಿದಿದ್ದು ಕೈರೋದ ಹಳೇ ಸಿನಗಾಗ್‌ನ (ಯಹೂದಿಗಳ ಪ್ರಾರ್ಥನಾ ಮಂದಿರದ) ಕೋಣೆಯೊಂದರಲ್ಲಿ.

ಪ್ರಶ್ನೆ: ಸಮುದಾಯದ ವಿಷಯವನ್ನು ಬಹಿರಂಗವಾಗಿ ಚರ್ಚಿಸಿದರೆ ಒಳಗಿನ ಹುಳುಕೂ ಹೊರಗೆ ಬರುತ್ತೆ. ಮರ್ಯಾದೆ ಹೋಗಲ್ವಾ?
– ಓದುಗರು, ಹರಿಹರ

ಉತ್ತರ: ಬರಲಿ ಬಿಡಿ. ಕೊಚ್ಚಿಯಲ್ಲಿ 1568ರ ಪರದೇಸಿ ಸಿನಗಾಗ್ ಇದೆ. ಅಲ್ಲಿ ಹಿಂದೆ ಗುಲಾಮರಾಗಿದ್ದವರ ವಂಶದವರಿಗೆ ಒಳಗೆ ಸಮಾನ ಜಾಗ ಇರಲಿಲ್ಲ. ಅದೇ ವಂಶದ ವಕೀಲ ಎ.ಬಿ. ಸೇಲಂ ಗಾಂಧೀಜಿ ದಾರಿ ಹಿಡಿದು ಸಿನಗಾಗ್ ಒಳಗೇ ಸತ್ಯಾಗ್ರಹ ಮಾಡಿದರು. ಕಟ್ಟಳೆ ಮೆಲ್ಲಗೆ ಸಡಿಲವಾಯಿತು. ಇವತ್ತು ಕೊಚ್ಚಿ ಯಹೂದಿಗಳ ಬಗ್ಗೆ ಮಾತಾಡುವವರು ಸೇಲಂ ಹೆಸರನ್ನು ಗೌರವದಿಂದ ಹೇಳುತ್ತಾರೆ, ಮುಚ್ಚಿಡಲ್ಲ. ಯಹೂದಿಗಳ ಧರ್ಮಶಾಸ್ತ್ರದ ಚರ್ಚೆಗಳಿರುವ ತಾಲ್ಮುದ್ ಗ್ರಂಥದಲ್ಲೂ ಅಷ್ಟೇ. ಹಿಲೆಲ್, ಶಮ್ಮೈ ಅನ್ನೋ ಇಬ್ಬರು ಹಳೇ ಗುರುಗಳ ಪಂಥಗಳು ವಾದಕ್ಕಿಳಿದಾಗ, ಹಿಲೆಲ್ ಪಂಥದ ಮಾತು ಗೆದ್ದಿತು ಅಂತ ಶಮ್ಮೈ ಪಂಥದವರ ವಾದವನ್ನು ಅಳಿಸಲಿಲ್ಲ, ಪಕ್ಕದಲ್ಲೇ ಉಳಿಸಿಕೊಂಡರು.

ಪ್ರಶ್ನೆ: ನಾವು ಕಾಡುಗೊಲ್ಲರು. ನಮ್ಮಜ್ಜಿ ಜುಂಜಪ್ಪನ ಪದ ಹಾಡುತ್ತಾರೆ. ನನಗೆ ಬರಲ್ಲ. ಯಹೂದಿಗಳಿಂದ ನಾವು ಕಲಿಯೋದು ಏನಾದರೂ ಇದೆಯಾ?
– ಓದುಗರು, ಚಳ್ಳಕೆರೆ

ಉತ್ತರ: ಖಂಡಿತ ಇದೆ. ಕೊಚ್ಚಿಯ ಯಹೂದಿ ಹೆಂಗಸರು ಮದುವೆ, ಹಬ್ಬಗಳಲ್ಲಿ ಮಲಯಾಳಂ ಹಾಡು ಹಾಡುತ್ತಿದ್ದರು, ಅದನ್ನು ನೋಟ್‌ಬುಕ್ಕಲ್ಲಿ ಬರೆದಿಡುತ್ತಿದ್ದರು. 1950ರ ದಶಕದಲ್ಲಿ ಹೆಚ್ಚಿನವರು ಇಸ್ರೇಲ್‌ಗೆ ಹೋದಾಗ ನೋಟ್‌ಬುಕ್ಕೂ ಜೊತೆಗೆ ಹೋದವು. ಎಷ್ಟೋ ವರ್ಷದ ಮೇಲೆ ಸಂಶೋಧಕರು ಆ ಅಜ್ಜಿಯಂದಿರ ಪಕ್ಕ ಕೂತು ಹಾಡು ಕೇಳಿ, ಧ್ವನಿಮುದ್ರಿಸಿ, ಅರ್ಥ ಬಿಡಿಸಿದರು. ಆಮೇಲೆ ಅವರೇ ಮತ್ತೆ ಗುಂಪು ಕಟ್ಟಿ ಎಲ್ಲರೆದುರು ಹಾಡತೊಡಗಿದರು.

ನಿಮ್ಮ ಹತ್ತಿರ ಮೊಬೈಲ್ ಇದೆ, ಅಜ್ಜಿ ಇದ್ದಾರೆ. ಈ ವಾರವೇ ಕೂತುಕೊಳ್ಳಿ. ಸುಮ್ನೆ ಹಾಡು ಮಾತ್ರ ಬೇಡ. ಯಾರಿಂದ ಕಲಿತರು, ಯಾವ ಹಬ್ಬಕ್ಕೆ ಹಾಡುತ್ತಿದ್ದರು, ಈಗ ಯಾವ ಸಾಲು ಬಿಟ್ಟುಹೋಗಿದೆ, ಎಲ್ಲ ಕೇಳಿ. ತಾರೀಖು, ಊರು ಬರೆದಿಡಿ. ಅಜ್ಜಿ ಒಪ್ಪಿದರೆ ಹಟ್ಟಿಯಲ್ಲಿ ಒಂದು ಸಂಜೆ ಎಲ್ಲರಿಗೂ ಕೇಳಿಸಿ. ‘ಹಾಗಲ್ಲ ಅದು, ನಮ್ಮ ಕಡೆ ಬೇರೆ ಥರ ಹಾಡ್ತೀವಿ’ ಅಂತ ಯಾರಾದರೂ ತಕರಾರು ತೆಗೆದರೆ, ಅವರದ್ದನ್ನೂ ರೆಕಾರ್ಡ್ ಮಾಡಿಕೊಳ್ಳಿ.