ಓದುಗರ ಪ್ರಶ್ನೆ: ಹಳೆಯ ಪಂಪ್ ಕೋವಿಗೆ ಪಾಲಿಶ್ ಹಾಕಿಸಬಹುದೆ?

ಪ್ರಶ್ನೆ: ನಮ್ಮ ಕುಟುಂಬದಲ್ಲಿ ಪರವಾನಗಿ ಪಡೆದು ಇಟ್ಟುಕೊಂಡಿರುವ ವಿಂಚೆಸ್ಟರ್ 1897ರ ಮಾದರಿಯ ಪಂಪ್ ಕೋವಿ (ಮುಂದಿನ ಹಿಡಿಯನ್ನು ಹಿಂದೆ-ಮುಂದೆ ಎಳೆದು ತೋಟೆ ಏರಿಸುವ ಕೋವಿ) ಒಂದಿದೆ. ನಳಿಗೆಗೆ ಕಂದು ತುಕ್ಕು ಹಿಡಿದಿದೆ, ಮರದ ಹಿಂಭಾಗ ಎಣ್ಣೆ ಕುಡಿದು ಕಪ್ಪಾಗಿದೆ, ಮುಂದಿನ ಹಿಡಿಯನ್ನು ಎಳೆದರೆ ಅರ್ಧದಲ್ಲೇ ಬಿಗಿಯುತ್ತದೆ. ಪಾಲಿಶ್ ಚಕ್ರಕ್ಕೆ ಹಿಡಿಸಿ ಹೊಸದಾಗಿ ಕಪ್ಪು ಬಣ್ಣ ಕೊಡಿಸಿ ಎಂದು ಪರಿಚಿತರು ಹೇಳುತ್ತಾರೆ. ಹಾಗೆ ಮಾಡಬಹುದೆ?

ಉತ್ತರ: ದಯವಿಟ್ಟು ಚಕ್ರಕ್ಕೆ ಕೊಡಬೇಡಿ. ಅಮೆರಿಕದ ಕೋವಿ ವಿನ್ಯಾಸಕ ಜಾನ್ ಬ್ರೌನಿಂಗ್ ರೂಪಿಸಿದ, 1957ರವರೆಗೂ ತಯಾರಾದ ಈ ಕೋವಿಯ ಅಂದವಿರುವುದು ಅದರ ಚೂಪಾದ ಅಂಚುಗಳಲ್ಲಿ. ಚಕ್ರ ತಗುಲಿದರೆ ಅಂಚುಗಳು ದುಂಡಗಾಗುತ್ತವೆ, ತಿರುಪಿನ ರಂಧ್ರಗಳ ಬಾಯಿ ಸವೆಯುತ್ತದೆ, ಅಕ್ಷರಗಳು ಮಾಸುತ್ತವೆ. ಕ್ರಮಸಂಖ್ಯೆ ಅಳಿಸಿಹೋದರೆ ಪರವಾನಗಿಯ ತೊಡಕೂ ಸೇರಿಕೊಳ್ಳುತ್ತದೆ.

ಕೆಲಸಕ್ಕೆ ಕೂರುವ ಮೊದಲು ತೋಟೆಗಳನ್ನೆಲ್ಲ ಬೇರೆ ಕೋಣೆಯಲ್ಲಿಟ್ಟು, ನಳಿಗೆಯ ಬುಡವನ್ನೂ ಅದರ ಕೆಳಗಿನ ತೋಟೆ ಕೊಳವೆಯನ್ನೂ ಕಣ್ಣಿನಿಂದ ನೋಡಿ, ಬೆರಳಿನಿಂದ ಮುಟ್ಟಿ, ಖಾಲಿಯೆಂದು ಖಚಿತಪಡಿಸಿಕೊಳ್ಳಿ. ಹಿಡಿ ಬಿಗಿಯುವುದಕ್ಕೆ ಹೆಚ್ಚಾಗಿ ಮುರಿದ ಭಾಗ ಕಾರಣವಲ್ಲ, ವರ್ಷಗಟ್ಟಲೆ ಒಣಗಿ ಅಂಟಾದ ಹಳೆಯ ಎಣ್ಣೆ ಕಾರಣ. ಸೀಮೆಎಣ್ಣೆಯಲ್ಲಿ ಅದ್ದಿದ ಬ್ರಷ್‌ನಿಂದ ಉಜ್ಜಿದರೆ ಜೇನಿನ ಬಣ್ಣದ ಜಿಗುಟು ಕರಗಿ ಇಳಿಯುವುದು ಕಾಣುತ್ತದೆ. ಬಿಚ್ಚಲೇಬೇಕಾದ ತಿರುಪಿಗೆ ಅದರ ಸೀಳನ್ನು ಪೂರ್ತಿ ತುಂಬುವ ಸ್ಕ್ರೂಡ್ರೈವರನ್ನೇ ಬಳಸಿ.

ತುಕ್ಕಿನ ವಿಷಯದಲ್ಲಿ ತಾಳ್ಮೆ ಬೇಕು. ತೆಳುವಾದ ಯಂತ್ರದ ಎಣ್ಣೆ ಸವರಿ ಒಂದು ದಿನ ಬಿಟ್ಟು, ನಾಲ್ಕು ಸೊನ್ನೆಯ (0000 ಗುರುತಿನ) ಅತಿ ನಯವಾದ ಉಕ್ಕಿನ ನಾರಿನಿಂದ ಮೆಲ್ಲಗೆ ಉಜ್ಜಿ, ಬಟ್ಟೆಯಿಂದ ಒರೆಸಿ. ಬಟ್ಟೆಗೆ ಕಂದು ಕೆಸರು ಹತ್ತುವುದು ಕಡಿಮೆಯಾಗಿ ಕೆಳಗಿನ ಹಳೆಯ ನೀಲಿ, ಅಂದರೆ ಉಕ್ಕಿಗೆ ಮೊದಲು ಕೊಟ್ಟಿದ್ದ ನೀಲಿಗಪ್ಪು ಬಣ್ಣ, ಕಂಡೊಡನೆ ಕೈ ನಿಲ್ಲಿಸಿ. ತುಕ್ಕು ಕೊರೆದ ಗುಳಿಗಳನ್ನು ಹಾಗೆಯೇ ಬಿಡುವುದು ಲೇಸು, ಏಕೆಂದರೆ ಅವನ್ನು ಅಳಿಸಬೇಕಾದರೆ ಸುತ್ತಲಿನ ಉಕ್ಕನ್ನೂ ತೆಗೆಯಬೇಕಾಗುತ್ತದೆ. ಬಣ್ಣ ಪೂರ್ತಿ ಹೋಗಿದ್ದರೆ ನಿಧಾನದ ತುಕ್ಕು-ನೀಲಿ ವಿಧಾನ ತಿಳಿದ ಕುಶಲಕರ್ಮಿಯನ್ನು ಹುಡುಕಿ: ನಳಿಗೆಯ ಮೇಲೆ ಬೇಕೆಂದೇ ತೆಳುವಾಗಿ ತುಕ್ಕು ಬರಿಸಿ, ಶುದ್ಧ ನೀರಿನಲ್ಲಿ ಕುದಿಸಿದಾಗ ಕೆಂಪು ಆಕ್ಸೈಡ್ ಕಪ್ಪು ಆಕ್ಸೈಡ್ ಆಗುತ್ತದೆ, ಇದನ್ನು ಹಲವು ಬಾರಿ ಮಾಡಿದರೆ ಬಣ್ಣ ಗಾಢವಾಗುತ್ತದೆ.

ಮರಕ್ಕೆ ಮರಳು ಕಾಗದ ಹಿಡಿಯಬೇಡಿ. ಕಬ್ಬಿಣಕ್ಕೆ ಸಮವಾಗಿ ಕೂತಿದ್ದ ಮರ ಒಮ್ಮೆ ತಗ್ಗಿದರೆ ಆ ಕೀಲು ಮತ್ತೆ ಹಾಗೆ ಕೂರುವುದಿಲ್ಲ. ಸೀಮೆಸುಣ್ಣದ ಪುಡಿಯನ್ನು ಅಸಿಟೋನ್‌ನಲ್ಲಿ ಕಲಸಿ ದಪ್ಪಗೆ ಬಳಿದರೆ, ಒಣಗುವಾಗ ಒಳಗಿನ ಎಣ್ಣೆಯನ್ನು ಹೀರಿ ಬಿಳಿ ಲೇಪ ಕಂದಾಗುತ್ತದೆ. ಗಾಳಿಯಾಡುವ ಕಡೆ, ಬೆಂಕಿಯಿಂದ ದೂರ ಮಾಡಿ. ಬಳಿಕ ಅಗಸೆ ಎಣ್ಣೆಯನ್ನು ಬೆರಳಿನಿಂದ ತೆಳುವಾಗಿ ತಿಕ್ಕಿ; ಆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ ತಾನಾಗಿಯೇ ಹೊತ್ತಿಕೊಳ್ಳಬಹುದು, ಆದ್ದರಿಂದ ಬಿಡಿಸಿ ಒಣಗಿಸಿ.

ಹೊರಗಿನ ಅಂದ ಮರಳಿದ ಮಾತ್ರಕ್ಕೆ ಕೋವಿ ಹಾರಿಸಲು ಯೋಗ್ಯವಾಯಿತೆಂದಲ್ಲ. ಹಳೆಯ ಕೆಲವು ಕೋವಿಗಳ ತೋಟೆಮನೆ (ನಳಿಗೆಯ ಬುಡದಲ್ಲಿ ತೋಟೆ ಕೂರುವ ಜಾಗ) ಇಂದಿನ 70 ಮಿ.ಮೀ. ತೋಟೆಗಿಂತ ಗಿಡ್ಡ, ಆದರೂ ತೋಟೆ ಒಳಗೆ ಹೋಗುತ್ತದೆ, ಸಿಡಿದಾಗ ಅದರ ಮಡಿಸಿದ ಬಾಯಿ ಬಿಚ್ಚಿಕೊಳ್ಳಲು ಜಾಗ ಸಾಲದೆ ಒತ್ತಡ ಏರುತ್ತದೆ. ಪರವಾನಗಿ ಪಡೆದ ಕೋವಿ ದುರಸ್ತಿಗಾರರು ತೋಟೆಮನೆಯನ್ನು ಅಳೆದು, ಗುಂಡು ಹಾರುವಾಗ ಅದನ್ನು ಮುಚ್ಚಿ ಹಿಡಿಯುವ ಬೀಗದ ಬಿಗಿಯನ್ನೂ ಪರೀಕ್ಷಿಸುವವರೆಗೆ ತೋಟೆ ತುಂಬಬೇಡಿ.