ಹಿಲೋಗೆ ಬರುವ ಮುಂಚೆ

"ಹವಾಯಿ ಭಾಷೆ ಅಲ್ಲಿ ಅಧಿಕೃತವಂತೆ, ಕಲಿಯದಿದ್ದರೆ ಕೆಲಸಕ್ಕೆ ತೊಂದರೆಯೇ? ಮಗಳನ್ನು ಆ ಮಾಧ್ಯಮಕ್ಕೆ ಸೇರಿಸಬಹುದೇ?" ಎಂದು ಕೇಳಿದ್ದೀರಿ. ಹದಿನಾರು ವರ್ಷದಿಂದ ಅಮೆರಿಕದ ಹವಾಯಿ ರಾಜ್ಯದ ಈ ಹಿಲೋ ಊರಿನಲ್ಲಿದ್ದೇನೆ, ತಿಳಿದಷ್ಟು ಹೇಳುತ್ತೇನೆ.

ಕೆಲಸಕ್ಕೇನೂ ಅಡ್ಡಿಯಿಲ್ಲ. ಬ್ಯಾಂಕು, ಆಸ್ಪತ್ರೆ, ಲೈಸೆನ್ಸು ಎಲ್ಲ ಇಂಗ್ಲಿಷಿನಲ್ಲೇ. 1978ರಲ್ಲಿ ರಾಜ್ಯದ ಸಂವಿಧಾನ ತಿದ್ದಿ ಹವಾಯಿ ಭಾಷೆಯನ್ನು ಇಂಗ್ಲಿಷಿನ ಪಕ್ಕ ಕೂರಿಸಿದರು. ಆದರೆ ಸರ್ಕಾರಿ ವ್ಯವಹಾರದಲ್ಲಿ ಕಾನೂನು ಹೇಳಿದ ಕಡೆ ಮಾತ್ರ ಅದು ಕಡ್ಡಾಯ ಎಂಬ ಬಾಲಂಗೋಚಿಯನ್ನೂ ಕಟ್ಟಿದರು. ಅದರ ಫಲ ನೋಡಿ: 2018ರಲ್ಲಿ ಮಾವಿ ದ್ವೀಪದ ಕೋರ್ಟಿನಲ್ಲಿ ಅಧ್ಯಾಪಕರೊಬ್ಬರು ಹವಾಯಿ ಭಾಷೆಯಲ್ಲೇ ಉತ್ತರಿಸಿದರು. ಮನುಷ್ಯ ಎದುರಿಗೇ ನಿಂತಿದ್ದರೂ ಹಾಜರಿಲ್ಲವೆಂದು ಬಂಧನದ ವಾರಂಟ್ ಹೊರಟಿತು! ಮರುದಿನ ವಾಪಸಾಯಿತು, ಆಮೇಲೆ ದುಭಾಷಿ ಕೊಡುವ ಪದ್ಧತಿ ಬಂತು.

ಭಾಷೆಗೆ ಜೀವ ಕೊಟ್ಟವರು ಅಪ್ಪ ಅಮ್ಮಂದಿರು. 1896ರ ಕಾನೂನು ಶಾಲೆಗಳಿಗೆ ಇಂಗ್ಲಿಷ್ ಮಾಧ್ಯಮವನ್ನು ಕಡ್ಡಾಯ ಮಾಡಿತ್ತು. 1980ರ ದಶಕದ ಆರಂಭಕ್ಕೆ ಈ ಭಾಷೆ ಆಡುವ ಮಕ್ಕಳು ಐವತ್ತೂ ಇರಲಿಲ್ಲ. 1984ರಲ್ಲಿ ಕೌವಾಯಿ ದ್ವೀಪದ ಕೆಕಹದಲ್ಲಿ 'ಪೂನನ ಲೆಯೋ' ಎಂಬ ಹವಾಯಿ ಮಾಧ್ಯಮದ ಶಿಶುವಿಹಾರ ತೆರೆಯಿತು. ಹೆಸರಿನ ಅರ್ಥ ಮಾತಿನ ಗೂಡು. ಹಳೇ ನಿಷೇಧವನ್ನು 1986ರಲ್ಲಿ ತೆಗೆಸಿದರು. ಮರುವರ್ಷ ಸರ್ಕಾರಿ ಶಾಲೆಯಲ್ಲೂ ಶುರು, ಮೊದಲ ಎರಡರಲ್ಲಿ ಒಂದು ಇಲ್ಲೇ ಹಿಲೋದ ಕೆಔಕಹದಲ್ಲಿ.

ಮಗಳ ವಿಷಯ ಯೋಚಿಸಿ ಮಾಡಿ. ಈ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಪಾಠ ಐದನೇ ತರಗತಿಗೆ ಬರುತ್ತದೆ. ಶಿಶುವಿಹಾರವಾದರೆ ನೀವಿಬ್ಬರೂ ಭಾಷೆ ಕಲಿಯಬೇಕು, ಶಾಲೆಯ ಕೆಲಸಕ್ಕೂ ಕೈಹಚ್ಚಬೇಕು. ಎರಡು ವರ್ಷಕ್ಕೆ ವಾಪಸ್ ಹೊರಡುವವರಾದರೆ ಆ ಸೀಟನ್ನು ಇಲ್ಲಿನ ಮಗುವಿಗೆ ಬಿಡಿ ಅನ್ನುತ್ತೇನೆ. ಬೇಜಾರಾಗಬೇಡಿ.

ಹೆಸರುಗಳ ಉಚ್ಚಾರಣೆಯನ್ನು ಮಾತ್ರ ಕಲಿತೇ ಬನ್ನಿ. ನಮಗೆ ಸುಲಭ. ಸ್ವರದ ಮೇಲೆ ಗೀಟಿದ್ದರೆ ದೀರ್ಘ. ಪದವೆಲ್ಲ ಸ್ವರದಲ್ಲೇ ಮುಗಿಯುತ್ತದೆ. ನಾವು ಬಸ್ಸಿಗೆ 'ಉ' ಅಂಟಿಸಿದ ಹಾಗೆ ಇವರು ಕ್ರಿಸ್‌ಮಸ್ಸನ್ನು 'ಕಲಿಕಿಮಾಕ' ಮಾಡಿದ್ದಾರೆ. ತೊಡಕೆಂದರೆ ತಲೆಕೆಳಗಾದ ಅಲ್ಪವಿರಾಮದಂಥ 'ಓಕಿನ'. ಅಲ್ಲಿ ಗಂಟಲು ಗಕ್ಕನೆ ನಿಲ್ಲಬೇಕು. 'ಪೌ' ಅಂದರೆ ಮುಗಿಯಿತು. ಅದೇ ಪದದ ನಡುವೆ ಓಕಿನ ಬಂದರೆ ಮಸಿ!

ದಾರಿ ಕೇಳಿದರೆ 'ಮೌಕ', 'ಮಕೈ' ಅನ್ನುತ್ತಾರೆ. ಬೆಟ್ಟದ ಕಡೆ, ಸಮುದ್ರದ ಕಡೆ. ಹೊಸದರಲ್ಲಿ ನಾನು ಮಕೈ ಅನ್ನುವ ಬೀದಿ ಹುಡುಕುತ್ತ ಅರ್ಧ ಗಂಟೆ ನೆನೆದಿದ್ದೆ. ಹಿಲೋದ ಮಳೆ ನಮ್ಮ ಮಲೆನಾಡಿನ ಮಳೆಯ ಹಾಗೇ. ಕೊಡೆ ಮರೆಯಬೇಡಿ.